ಏಳುನೂರ ತೊಂಬತ್ತೊಂದನೆಯ ಪದ

ಎಲ್ಲಕ್ಕೂ ಕಾರಣ ಕ್ಯಾಲ್ಕ್ಯುಲೇಟರಿನ ಒಂದು ಗುಂಡಿ. ಕಿರುಬೆರಳಿನ ಉಗುರಿನಷ್ಟಿತ್ತು. ಅದರ ಮೇಲೆ ಬರೆದಿದ್ದ ಪೈ ಚಿಹ್ನೆ ಸವೆದು ಹೋಗಿ ವರ್ಷಗಳಾಗಿದ್ದವು. ಸೋಮವಾರ ಗುಂಡಿಯೇ ಸತ್ತಿತು. ಒತ್ತಿದರೆ ಒಳಗೆ ಹೋಗುತ್ತಿತ್ತು. ಆದರೆ ದೊಡ್ಡ ಕಚೇರಿಗೆ ಕಳಿಸಿದ ಅರ್ಜಿಯ ಹಾಗೆ, ಒಳಗೆ ಹೋದದ್ದಕ್ಕೆ ಉತ್ತರ ಮಾತ್ರ ಬರುತ್ತಿರಲಿಲ್ಲ.

ಗುಂಡಿಯ ಒಡೆಯ ನೀರು ಸರಬರಾಜು ಕಚೇರಿಯ ಟ್ಯಾಂಕ್ ವಿಭಾಗದ ಲೆಕ್ಕಿಗ. ಊರಿನ ದುಂಡು ಟ್ಯಾಂಕುಗಳಲ್ಲಿ ಎಷ್ಟು ಅಡಿ ನೀರಿದ್ದರೆ ಎಷ್ಟು ಲೀಟರ್ ಎಂಬ ಕೋಷ್ಟಕ ತಯಾರಿಸುವುದು ಅವನ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ, ಅದೇ ಮೇಜು, ಅದೇ ಕ್ಯಾಲ್ಕ್ಯುಲೇಟರು. ಮೂರು ದಶಾಂಶ ಸಾಕಾದ ಕಡೆ ಆರು ದಶಾಂಶ ಬರೆಯುತ್ತಿದ್ದ ಕಾರಣ ಕಚೇರಿಯವರು ಅವನಿಗೆ ‘ದಶಾಂಶ’ ಎಂದು ಹೆಸರಿಟ್ಟಿದ್ದರು. ಹಿಂದಿನಿಂದ ಇಟ್ಟ ಹೆಸರು ಕ್ರಮೇಣ ಮುಂದಿನಿಂದಲೂ ಬಳಕೆಗೆ ಬಂದಿತ್ತು.

ಆ ಕ್ಯಾಲ್ಕ್ಯುಲೇಟರು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಕೆಂಪಗೆ ಉರಿಯುವ ಅಂಕಿಗಳು, ಮೂವತ್ತು ಗುಂಡಿಗಳು. ನಲವತ್ತೊಂಬತ್ತು ಹೆಜ್ಜೆಗಳ ಪ್ರೋಗ್ರಾಂ ಒಂದನ್ನು ಒತ್ತಿ ಒತ್ತಿ ಅದಕ್ಕೆ ಕಲಿಸಬಹುದು. ಕಲಿಸಿದ ಮೇಲೆ ಅದು ತಾನಾಗಿ ಲೆಕ್ಕ ಮಾಡುತ್ತಾ ಹೋಗುತ್ತದೆ. ಬ್ಯಾಟರಿ ಎಂದೋ ಸತ್ತಿದ್ದರಿಂದ ಗೋಡೆಯ ಪ್ಲಗ್ಗಿನ ವೈರೇ ಅದರ ಹೊಕ್ಕುಳಬಳ್ಳಿ. ವೈರು ಕಿತ್ತರೆ ಕಲಿತದ್ದೆಲ್ಲ ಮರೆತು, ಹುಟ್ಟಿದ ಮಗುವಿನಂತೆ ಸೊನ್ನೆ ತೋರಿಸುತ್ತಿತ್ತು. ಪಕ್ಕದಲ್ಲೇ ಹೊಸ ಕಂಪ್ಯೂಟರಿತ್ತು. “ಅದು ಉತ್ತರ ಕೊಡುತ್ತೆ, ಇದು ಲೆಕ್ಕ ಮಾಡುತ್ತೆ” ಎಂದು ದಶಾಂಶ ಹೇಳುತ್ತಿದ್ದ. ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೇಳಿದರೆ ಅರ್ಧ ಗಂಟೆ ಹೋಗುತ್ತಿತ್ತು.

ಗುರುವಾರ ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಸ್ಟೋರ್ ಕೀಪರ್ ಬಂದು ಮೇಜಿನ ಪಕ್ಕ ನಿಂತ. ಅವನು ದಶಾಂಶನ ಹೆಂಡತಿಯ ತಮ್ಮ. ಕೈಯಲ್ಲಿ ಕೆಂಪು ಚೀಟಿಗಳ ಕಟ್ಟು.

“ಭಾವಾ, ಬೇಜಾರು ಮಾಡ್ಕೋಬೇಡಿ. ಇವತ್ತು ನಾಲ್ಕು ಗಂಟೆಗೆ ತಪಾಸಣೆ ಸಾಹೇಬ್ರು ಬರ್ತಾರೆ. ಐದಕ್ಕೆ ಗುಜರಿ ಲಾರಿ. ನಿಮ್ಮ ಮೆಷಿನ್ನು ಪಟ್ಟಿಲಿದೆ.”

“ಯಾರು ಸೇರಿಸಿದ್ದು?”

“ನಾನೇ. ಒಂದು ಗುಂಡಿ ಕೆಟ್ಟಿದೆ ಅಂತ ಮೊನ್ನೆ ಊಟಕ್ಕೆ ಕೂತಾಗ ನೀವೇ ಹೇಳಿದ್ರಲ್ಲ.”

“ಅದು ಮನೇಲಿ ಹೇಳಿದ್ದು ಕಣಯ್ಯ!”

“ಕೇಳಿಸ್ಕೊಂಡ ಕಿವೀನ ಆಫೀಸಿಗೂ ತರ್ತೀನಲ್ಲ ಭಾವಾ.”

ದಶಾಂಶ ಪಟ್ಟಿಯನ್ನು ಕಿತ್ತುಕೊಂಡು ಓದಿದ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ‘ಕೆಟ್ಟ ಭಾಗದ ಕೆಲಸವನ್ನು ಯಂತ್ರವು ಬೇರೆ ವಿಧಾನದಿಂದ ತಾನೇ ನಿರ್ವಹಿಸಬಲ್ಲುದಾದರೆ, ಪರೀಕ್ಷೆಯನ್ನು ವಿವರಿಸಿ, ಅಧಿಕಾರಿಯ ಮುಂದೆ ತೋರಿಸುವುದು.’ ಅವನು ಪೆನ್ನು ತೆಗೆದು ಬರೆದ: ‘ಪೈ ಗುಂಡಿ ಇಲ್ಲದೆಯೇ ಯಂತ್ರವು ಪೈ ಬೆಲೆಯನ್ನು ತಾನೇ ಕಂಡುಹಿಡಿಯುತ್ತದೆ. ಆರು ದಶಾಂಶದವರೆಗೆ.’

“ಎರಡು ಅಂತ ಬರೀರಿ ಭಾವಾ. ಯಾಕೆ ಸುಮ್ನೆ?”

“ಆರು.”

“ನಾಲ್ಕು?”

“ನೀನೇನು ತರಕಾರಿ ಚೌಕಾಸಿ ಮಾಡ್ತಿದ್ದೀಯ? ಆರು ಅಂದ್ರೆ ಆರು. ಹೋಗು.”

ಸ್ಟೋರ್ ಕೀಪರ್ ಪಟ್ಟಿ ತೆಗೆದುಕೊಂಡು ಹೋದ. ಕೆಂಪು ಚೀಟಿಯೊಂದನ್ನು ಮಾತ್ರ ಮೇಜಿನ ತುದಿಯಲ್ಲಿ ಬಿಟ್ಟುಹೋದ. ಮತ್ತೆ ತರುವ ಶ್ರಮ ಯಾಕೆ ಎಂದು.

ಕಾಲೇಜಿನಲ್ಲಿ ಕಲಿತ ಒಂದು ಸರಣಿ ದಶಾಂಶನಿಗೆ ಬಾಯಿಪಾಠವಾಗಿತ್ತು. ನಾಲ್ಕನ್ನು ಬರೆದುಕೋ, ನಾಲ್ಕನ್ನು ಮೂರರಿಂದ ಭಾಗಿಸಿ ಕಳೆ, ನಾಲ್ಕನ್ನು ಐದರಿಂದ ಭಾಗಿಸಿ ಕೂಡಿಸು, ಏಳರಿಂದ ಭಾಗಿಸಿ ಕಳೆ, ಹೀಗೆ ಬೆಸಸಂಖ್ಯೆಗಳು ಮುಗಿಯುವ ತನಕ ಮಾಡಿದರೆ ಪೈ ಸಿಗುತ್ತದೆ. ಬೆಸಸಂಖ್ಯೆಗಳು ಮುಗಿಯುವುದಿಲ್ಲ ಎಂಬುದೊಂದೇ ತೊಂದರೆ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ಮತ್ತೆ ಹೆಚ್ಚು, ಮತ್ತೆ ಕಡಿಮೆ: ತೂಗಿಬಿಟ್ಟ ತೊಟ್ಟಿಲಿನ ಹಾಗೆ ಉತ್ತರ ಆಚೀಚೆ ಓಲಾಡುತ್ತಾ, ಓಲಾಟ ಕಿರಿದಾಗುತ್ತಾ, ನಡುವಿನಲ್ಲಿ ನಿಲ್ಲಬೇಕು.

ಒಂಬತ್ತೂವರೆಗೆ ಪ್ರೋಗ್ರಾಂ ಒತ್ತಿ ಮುಗಿಸಿ ಯಂತ್ರವನ್ನು ಓಡಲು ಬಿಟ್ಟ. ಸೆಕೆಂಡಿಗೆ ಸರಣಿಯ ಒಂದು ಪದದಂತೆ, ಅಂದರೆ ಒಂದು ಕೂಡಿಕೆ ಇಲ್ಲವೇ ಒಂದು ಕಳೆಯುವಿಕೆಯಂತೆ, ಕೆಂಪು ಅಂಕಿಗಳು ಮಿನುಗತೊಡಗಿದವು. ದಶಾಂಶ ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಕೂತ. ನೂರು ಪದಕ್ಕೆ 3.131593 ಎಂದು ಬರೆದುಕೊಂಡ. ಸಾವಿರ ಪದಕ್ಕೆ 3.140593. ಒಂದು ಗಂಟೆ ಕಳೆದು ಮೂರು ಸಾವಿರದ ಆರುನೂರು ಪದಗಳಾದಾಗ ಯಂತ್ರ ಒಮ್ಮೆ 3.141315 ಎನ್ನುತ್ತಿತ್ತು, ಮರುಕ್ಷಣ 3.141870 ಎನ್ನುತ್ತಿತ್ತು. ನಾಲ್ಕನೆಯ ದಶಾಂಶಕ್ಕೇ ತೊಟ್ಟಿಲು ಇನ್ನೂ ನಿಂತಿರಲಿಲ್ಲ.

ಅವನು ಕಾಗದದ ಅಂಚಿನಲ್ಲಿ ಸಣ್ಣ ಗುಣಾಕಾರ ಮಾಡಿದ. ಆರನೆಯ ದಶಾಂಶ ಗಟ್ಟಿಯಾಗಲು ಹತ್ತು ಲಕ್ಷ ಪದಗಳಾದರೂ ಬೇಕು. ಹತ್ತು ಲಕ್ಷ ಸೆಕೆಂಡೆಂದರೆ ಹನ್ನೊಂದೂವರೆ ದಿನ. ಸಾಹೇಬರು ಬರುವುದಕ್ಕೆ ಐದೂವರೆ ಗಂಟೆ ಇತ್ತು. ಸರಣಿ ಎಲ್ಲಿಗೆ ಹೋಗುತ್ತದೆ ಎಂದು ಪುಸ್ತಕದಲ್ಲಿತ್ತು. ಯಾವಾಗ ತಲುಪುತ್ತದೆ ಎಂದು ಇರಲಿಲ್ಲ.

ಬೇರೆಯವರಾಗಿದ್ದರೆ ಪಟ್ಟಿ ವಾಪಸು ತಂದು ಆರನ್ನು ಎರಡು ಮಾಡುತ್ತಿದ್ದರು. ದಶಾಂಶ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡ. ಅಡ್ಡದಾರಿ ಒಂದು ಇದ್ದೇ ಇರುತ್ತದೆ. ಕೂತು ಯೋಚಿಸಿದರೆ ಹೊಳೆಯುತ್ತದೆ ಎಂದು ಕಣ್ಣು ಮುಚ್ಚಿದ.

ಕಣ್ಣು ಬಿಟ್ಟಾಗ ಕೆಂಪು ಅಂಕಿಗಳು ಇರಲಿಲ್ಲ. ಗೋಡೆಯ ಬಳಿ ಟೈಪಿಸ್ಟಮ್ಮ ಕೆಟಲ್ಲಿನ ವೈರು ಚುಚ್ಚುತ್ತಿದ್ದಳು.

“ಅಯ್ಯೋ, ಏನಮ್ಮಾ ಮಾಡಿದೆ!”

“ಎರಡೇ ನಿಮಿಷ ಅಣ್ಣಾ, ನೀರು ಕಾದ ತಕ್ಷಣ ಮತ್ತೆ ನಿಮ್ಮದು ಹಾಕಿಬಿಡ್ತೀನಿ. ನೀವು ನಿದ್ದೆ ಮಾಡ್ತಿದ್ರಿ, ಎಬ್ಬಿಸೋದು ಬೇಡ ಅಂತ.”

“ನಿದ್ದೆ ಅಲ್ಲಮ್ಮಾ, ಯೋಚನೆ!”

“ಗೊರಕೆ ಬರ್ತಿತ್ತಲ್ಲ ಅಣ್ಣಾ?”

ದಶಾಂಶ ಕೆಟಲ್ಲನ್ನು ಬಿಡಿಸಿ, ತನ್ನ ವೈರು ಚುಚ್ಚಿ, ಪ್ರೋಗ್ರಾಮನ್ನು ಮತ್ತೆ ಮೊದಲಿನಿಂದ ಒತ್ತಲು ಶುರು ಮಾಡಿದ. ಜೊತೆಗೆ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ‘ಪ್ರಯೋಗ ನಡೆಯುತ್ತಿದೆ, ಮುಟ್ಟಬಾರದು’ ಎಂದು ಬರೆದು ನಿಲ್ಲಿಸಿದ.

ಅದೇ ತಪ್ಪಾಯಿತು. ಅಲ್ಲಿಯವರೆಗೆ ಅವನ ಮೇಜಿನ ಕಡೆ ತಲೆ ಹಾಕದವರೂ ‘ಏನು ಮುಟ್ಟಬಾರದು?’ ಎಂದು ನೋಡಲು ಬಂದರು. ಬಂದವರಲ್ಲಿ ಕೊನೆಯವರೆಗೂ ಕದಲದವರು ಟಪಾಲು ಗುಮಾಸ್ತರು. ಯಾವ ವಿಷಯವಾದರೂ ಲಕೋಟೆ ನೋಡಿಯೇ ಒಳಗಿನದು ಹೇಳಬಲ್ಲೆ ಎನ್ನುವವರು. ದಶಾಂಶನ ಹೆಗಲ ಮೇಲೆ ಗಲ್ಲ ಊರುವಷ್ಟು ಹತ್ತಿರ ನಿಂತರು.

“ಏನ್ರೀ ಇದು?”

“ಪೈ ಕಂಡುಹಿಡೀತಿದ್ದೀನಿ.”

“ಅದನ್ನ ಆಗಲೇ ಯಾರೋ ಕಂಡುಹಿಡಿದಾಗಿದೆ ಅಲ್ಲವೇನ್ರೀ?”

“ಇದು ತಾನೇ ಕಂಡುಹಿಡೀಬೇಕು. ಸ್ವಲ್ಪ ಸುಮ್ನಿರಿ, ಹದಿನೇಳನೇ ಹೆಜ್ಜೆಲಿದ್ದೀನಿ.”

“ನಮ್ಮ ಹುಡುಗಿ ತನ್ನ ಫೋನನ್ನ ಕೇಳಿದ್ರೆ ಸಾಕು, ಅದೇ ಬಾಯ್ಬಿಟ್ಟು ಹೇಳುತ್ತಪ್ಪ. ಹೆಣ್ಣು ದನೀಲಿ. ಅಲ್ಲ, ಇದು ಇಷ್ಟು ಹೊತ್ತು ತಗೊಳ್ಳುತ್ತೆ ಅಂದ್ರೆ ಒಳಗೆ ಕೂತು ಯಾರಾದ್ರೂ ಬರೀತಾರಾ?”

ಅವರ ಮಾತು ಕಿವಿಯಲ್ಲಿ ಜೀರುಂಡೆಯಂತೆ ಕೊರೆಯುತ್ತಿದ್ದಾಗ ದಶಾಂಶನ ಬೆರಳು ಒಂದು ಗುಂಡಿಯನ್ನು ಬಿಟ್ಟು ಮುಂದೆ ಹೋಯಿತು. ಅದು ಕೂಡಿಸಿದ ಮೇಲೆ ಕಳೆ, ಕಳೆದ ಮೇಲೆ ಕೂಡಿಸು ಎಂದು ಚಿಹ್ನೆ ಬದಲಿಸುವ ಗುಂಡಿ. ಯಂತ್ರ ಓಡಿತು. ನಾಲ್ಕು. ಐದು ಚಿಲ್ಲರೆ. ಆರು ಚಿಲ್ಲರೆ. ಹತ್ತು ದಾಟಿತು. ನೂರನೆಯ ಪದಕ್ಕೆ ಪೈ ಹದಿಮೂರಾಗಿತ್ತು.

“ಚೆನ್ನಾಗೇ ಬೆಳೀತಿದೆಯಲ್ಲ!” ಎಂದರು ಟಪಾಲು ಗುಮಾಸ್ತರು. “ಎಷ್ಟಕ್ಕೆ ನಿಲ್ಲಬೇಕು?”

“ಮೂರಕ್ಕೆ!” ಎಂದು ಕಿರುಚಿದ ದಶಾಂಶ. ಮತ್ತೆ ಮೊದಲಿನಿಂದ ಒತ್ತಿದ.

ಊಟದ ಹೊತ್ತು ಕಳೆಯಿತು. ದಶಾಂಶ ಡಬ್ಬಿ ಬಿಚ್ಚಲಿಲ್ಲ. ಆಗಾಗ ಬೆಳಗಿನ ಕಾಗದವನ್ನು ನೋಡುತ್ತಿದ್ದ. ಅದರಲ್ಲೇ ಏನೋ ಇದೆ ಎಂದು ಅನಿಸುತ್ತಿತ್ತು; ಬಾಯಿ ತುದಿಗೆ ಬಂದ ಹೆಸರಿನಂತೆ ಅದು ಬರುತ್ತಲೂ ಇರಲಿಲ್ಲ, ಹೋಗುತ್ತಲೂ ಇರಲಿಲ್ಲ. ಬರುವಂತೆ ಕಂಡಾಗಲೆಲ್ಲ ಯಾರಾದರೂ ಬರುತ್ತಿದ್ದರು. ಮೂರು ಗಂಟೆಗೆ ಬಂದದ್ದು ದೂರವಾಣಿ ಕರೆ. ಫೋನಿದ್ದದ್ದು ಮೊಗಸಾಲೆಯ ಆ ತುದಿಯಲ್ಲಿ. ಹೆಂಡತಿ.

“ನನ್ನ ತಮ್ಮನ ಮೇಲೆ ಕೂಗಾಡಿದ್ರಂತೆ?”

“ಅವನು ನನ್ನ ಯಂತ್ರಾನ ಗುಜರಿಗೆ ಹಾಕ್ತಿದ್ದಾನೆ ಕಣೇ!”

“ಹಾಕಲಿ ಬಿಡಿ. ಇಪ್ಪತ್ತಾರು ವರ್ಷದಲ್ಲಿ ಅದರ ಮುಖ ನೋಡಿದಷ್ಟು ನನ್ನ ಮುಖ ನೋಡಿಲ್ಲ ನೀವು.”

“ಈಗ ಆ ಮಾತು ಬೇಡ. ಸಂಜೆ ಬಂದು ನೋಡ್ತೀನಿ.”

“ನೋಡೋಕೆ ಮುಂಚೆ ತಮ್ಮನ ಹತ್ರ ಒಳ್ಳೆ ಮಾತಾಡಿ ಬನ್ನಿ. ಭಾನುವಾರ ಅವರೆಲ್ಲ ನಮ್ಮನೆಗೆ ಊಟಕ್ಕೆ ಬರ್ತಿದ್ದಾರೆ. ಊಟದ ಡಬ್ಬಿ ಖಾಲಿ ಮಾಡಿದ್ರಾ?”

ಈ ಕೊನೆಯ ಪ್ರಶ್ನೆಗೆ ಇಪ್ಪತ್ತು ನಿಮಿಷ ಹಿಡಿಯಿತು. ಓಡಿ ಬಂದು ನೋಡಿದರೆ ಮೇಜು ಬೋಳು. ಸ್ಟೋರ್ ಕೀಪರ್ ಯಂತ್ರಕ್ಕೆ ಕೆಂಪು ಚೀಟಿ ಕಟ್ಟಿ, ಮುರಿದ ಕುರ್ಚಿ ಕಾಲುಗಳ ಜೊತೆ ಡಬ್ಬಕ್ಕೆ ತುಂಬಿದ್ದ.

“ಮಿಣುಕ್ ಮಿಣುಕ್ ಅಂತಿತ್ತು ಭಾವಾ. ಕೆಟ್ಟಿರೋದು ಗ್ಯಾರಂಟಿ ಅಂತ…”

ದಶಾಂಶ ಒಳ್ಳೆಯ ಮಾತಾಡಲಿಲ್ಲ, ಕೆಟ್ಟ ಮಾತೂ ಆಡಲಿಲ್ಲ. ಡಬ್ಬಕ್ಕೆ ಮೊಣಕೈವರೆಗೆ ಕೈ ಹಾಕಿ, ಯಂತ್ರವನ್ನು ಬಾವಿಗೆ ಬಿದ್ದ ಬಿಂದಿಗೆಯಂತೆ ಮೇಲೆತ್ತಿ ತಂದ. ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಸಿಟ್ಟಿನಲ್ಲಿ ಬೆಳಗಿನ ಕಾಗದವನ್ನು ಹರಿಯಲು ಎತ್ತಿಕೊಂಡ. ಅರ್ಧ ಹರಿದಾಗ ಕೈ ನಿಂತಿತು.

ನೂರು ಪದಕ್ಕೆ 3.131593. ಪೈ ಎಂದರೆ 3.141593. ಎರಡನೆಯ ದಶಾಂಶದಲ್ಲಿ ಒಂದು ಕಡಿಮೆ, ಅಷ್ಟೆ, ಉಳಿದದ್ದೆಲ್ಲ ಸರಿ! ಸಾವಿರ ಪದಕ್ಕೆ 3.140593. ಮೂರನೆಯ ದಶಾಂಶದಲ್ಲಿ ಒಂದು ಕಡಿಮೆ, ಉಳಿದದ್ದೆಲ್ಲ ಸರಿ! ನೂರು ಪದಕ್ಕೆ ನೂರರಲ್ಲೊಂದು, ಸಾವಿರ ಪದಕ್ಕೆ ಸಾವಿರದಲ್ಲೊಂದು. ಎಷ್ಟು ಪದ ಓಡಿದೆಯೋ ಅಷ್ಟರಲ್ಲೊಂದು ಪಾಲು ತಪ್ಪು. ಅದನ್ನು ಕೊನೆಗೆ ಕೂಡಿಸಿಬಿಟ್ಟರೆ ಮುಗಿಯಿತು. ಹನ್ನೊಂದೂವರೆ ದಿನದ ಕೆಲಸ ನೂರು ಸೆಕೆಂಡಿಗೆ! ಪಾಪದ ಯಂತ್ರ ಬೆಳಿಗ್ಗೆ ಎರಡನೆಯ ನಿಮಿಷಕ್ಕೇ ಉತ್ತರವನ್ನು ತಟ್ಟೆಯಲ್ಲಿಟ್ಟು ಮುಂದೆ ಹಿಡಿದಿತ್ತು. ತಾನು ತಟ್ಟೆ ಸರಿಸಿ ಅಡುಗೆಗೆ ಕಾಯುತ್ತಿದ್ದೆ ಎಂದು ಅವನು ಹಣೆ ಚಚ್ಚಿಕೊಂಡ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಹೊಸ ಪ್ರೋಗ್ರಾಂ ಸಿದ್ಧವಾಯಿತು.

ತಪಾಸಣೆ ಸಾಹೇಬರು ಹೇಳಿದ ಗಂಟೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ನೀಲಿ ರಟ್ಟಿನ ಇಲಾಖಾ ಕೈಪಿಡಿ. ಕಚೇರಿಯೆಲ್ಲ ಮೇಜಿನ ಸುತ್ತ ಸೇರಿತು. ದಶಾಂಶ ಗುಂಡಿ ಒತ್ತಿದ. ನೂರು ಸೆಕೆಂಡು ಅಂಕಿಗಳು ಮಿನುಗಿದವು. ಟೈಪಿಸ್ಟಮ್ಮ ಕೆಟಲ್ಲನ್ನು ಮಗುವಿನಂತೆ ಎದೆಗವಚಿಕೊಂಡು ದೂರ ನಿಂತಿದ್ದಳು. ಮಿನುಗು ನಿಂತಿತು.

3.141593.

“ಬಂತು!” ಎಂದು ಟಪಾಲು ಗುಮಾಸ್ತರು ಚಪ್ಪಾಳೆ ತಟ್ಟಿದರು, ತಾವೇ ಹೆತ್ತವರಂತೆ.

ಸಾಹೇಬರು ಚಪ್ಪಾಳೆ ತಟ್ಟಲಿಲ್ಲ. ಕೈಪಿಡಿಯ ಹನ್ನೆರಡನೆಯ ಪುಟ ತೆರೆದರು. ಜೇಬಿನಿಂದ ಸಣ್ಣ ಕ್ಯಾಲ್ಕ್ಯುಲೇಟರು ತೆಗೆದು ನಾಲ್ಕೈದು ಸಲ ಒತ್ತಿದರು. ಮುಖ ಗಂಭೀರವಾಯಿತು.

“ತಪ್ಪಿದೆ” ಎಂದರು.

“ಎಲ್ಲಿ ಸಾರ್?”

“ಮೂರನೇ ದಶಾಂಶದಿಂದಾನೇ ತಪ್ಪಿದೆ. ಪೈ ಅಂದ್ರೆ ಇಪ್ಪತ್ತೆರಡು ಬೈ ಏಳು. ಇಪ್ಪತ್ತೆರಡನ್ನ ಏಳರಿಂದ ಭಾಗಿಸಿದ್ರೆ 3.142857. ನಿಮ್ಮದು 3.141593. ಆರು ದಶಾಂಶ ಅಂತ ಬರೆದಿದ್ದೀರಿ, ಎರಡಕ್ಕೇ ಮುಗಿದುಹೋಯ್ತಲ್ಲ!”

ದಶಾಂಶ ಒಂದು ಹೆಜ್ಜೆ ಮುಂದೆ ಬಂದ. “ಸಾರ್, ಇಪ್ಪತ್ತೆರಡು ಬೈ ಏಳು ಅನ್ನೋದು ಅಂದಾಜು. ಮಕ್ಕಳಿಗೆ ಸುಲಭ ಆಗಲಿ ಅಂತ…”

“ಕೈಪಿಡೀಲಿ ಅಂದಾಜು ಅಂತ ಬರೆದಿದೆಯೇನ್ರೀ?”

“ಇಲ್ಲ ಸಾರ್. ಆದ್ರೆ ಗಣಿತದಲ್ಲಿ…”

“ನೀವು ಗಣಿತ ಇಲಾಖೇಲಿದ್ದೀರೋ, ನೀರಿನ ಇಲಾಖೇಲೋ?” ಸಾಹೇಬರು ಕೆಟ್ಟವರಲ್ಲ. ದನಿ ತಗ್ಗಿಸಿ ಹೇಳಿದರು. “ವಯಸ್ಸಾದ ಯಂತ್ರ. ಸ್ವಲ್ಪ ಕಡಿಮೆ ತೋರಿಸ್ತಿದೆ. ಮನುಷ್ಯರಿಗೇ ಆಗುತ್ತೆ. ಅದರ ಮೇಲೆ ಸಿಟ್ಟಾಗಬೇಡಿ.”

ಸ್ಟೋರ್ ಕೀಪರ್ ಕೆಂಪು ಚೀಟಿಯ ದಾರ ಬಿಚ್ಚಿಕೊಂಡು ಮುಂದೆ ಬಂದ. ಐದಕ್ಕೆ ಬರಬೇಕಿದ್ದ ಲಾರಿ ಹೊರಗೆ ಆಗಲೇ ಹಿಂದಕ್ಕೆ ಬರುವ ಸದ್ದು ಕೇಳಿಸಿತು.

ದಶಾಂಶನ ತಲೆಯಲ್ಲಿ ತೊಟ್ಟಿಲು ಓಲಾಡಿತು. ಹೆಚ್ಚು, ಕಡಿಮೆ, ಹೆಚ್ಚು, ಕಡಿಮೆ. ಹೆಚ್ಚಾದಾಗಲೆಲ್ಲ ಅದು ನಾಲ್ಕರಿಂದ ಕೆಳಕ್ಕೆ ಇಳಿಯುತ್ತಾ ಬರುವಾಗ ಎಲ್ಲೋ ಒಂದು ಕಡೆ ಸಾಹೇಬರ ಸಂಖ್ಯೆಯ ಮೈ ಸವರಿಕೊಂಡೇ ಹೋಗಬೇಕಲ್ಲ? ಸಾಹೇಬರ ಪೈಗೂ ನಿಜವಾದ ಪೈಗೂ ಇರುವ ಅಂತರ 0.001264 ಚಿಲ್ಲರೆ. ಒಂದನ್ನು ಅದರಿಂದ ಭಾಗಿಸಿದ. 790.8. ಹೆಚ್ಚಿನ ಬದಿಗೆ ಬರುವುದು ಬೆಸ ಪದಗಳು. ಹಾಗಾದರೆ ಏಳುನೂರ ತೊಂಬತ್ತೊಂದು.

“ಸಾರ್, ಹದಿನೈದು ನಿಮಿಷ ಕೊಡಿ” ಎಂದ. “ನಾನು ಬರೀ ನೂರು ಪದಕ್ಕೆ ನಿಲ್ಲಿಸಿಬಿಟ್ಟಿದ್ದೆ. ಅದು ಇನ್ನೂ ಓಡಬೇಕಿತ್ತು.”

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಹೇಳುವಾಗ ಅವನ ಕಿವಿ ಕೆಂಪಾಯಿತು. ಕೊನೆಯಲ್ಲಿ ಕೂಡಿಸುವ ಹೆಜ್ಜೆಯನ್ನು, ಅರ್ಧ ಹರಿದ ಕಾಗದದಿಂದ ಪಡೆದ ಅಷ್ಟು ಚೆಂದದ ಹೆಜ್ಜೆಯನ್ನು, ತನ್ನ ಕೈಯಾರೆ ಅಳಿಸಿದ. ನೂರು ಇದ್ದ ಕಡೆ ಏಳುನೂರ ತೊಂಬತ್ತೊಂದು ಇಟ್ಟ. ಗೋಡೆಗೆ ಬೆನ್ನು ಕೊಟ್ಟು, ಪ್ಲಗ್ಗಿನ ಮೇಲೆ ಅಂಗೈ ಒತ್ತಿ ಕೂತ. ಟಪಾಲು ಗುಮಾಸ್ತರು ಬಾಯಿ ತೆರೆದಾಗ ಅವನು ನೋಡಿದ ನೋಟಕ್ಕೆ ಬಾಯಿ ಮತ್ತೆ ಮುಚ್ಚಿತು.

ಹದಿಮೂರು ನಿಮಿಷ. ಒಂದು ಪದ ಹೆಚ್ಚಾದರೆ 3.140330ಕ್ಕೆ ಬೀಳುತ್ತದೆ, ಎಣಿಕೆಯಲ್ಲಿ ಒಂದು ತಪ್ಪಿದರೂ ಕತೆ ಮುಗಿಯಿತು. ಮಿನುಗು ನಿಂತಿತು.

3.142857.

“ನೋಡಿದ್ರಾ!” ಸಾಹೇಬರು ಎದ್ದು ನಿಂತರು. ತಮ್ಮ ಕ್ಯಾಲ್ಕ್ಯುಲೇಟರನ್ನು ಅದರ ಪಕ್ಕ ಹಿಡಿದು ಒಂದೊಂದೇ ಅಂಕಿ ಬೆರಳಿಟ್ಟು ನೋಡಿದರು. ಕಣ್ಣು ಒದ್ದೆಯಾಗಿತ್ತು. “ಆರಕ್ಕೆ ಆರು! ಎಂಥ ಯಂತ್ರ ರೀ ಇದು! ಮೊದಲ ಸಲ ಎಡವಿದ್ದು ಅವಸರಕ್ಕೆ. ತಾಳ್ಮೆ ಕೊಟ್ಟ ಮೇಲೆ ನೋಡಿ, ಸತ್ಯ ತಾನಾಗೇ ಬಂತು.”

ಪಟ್ಟಿಯ ಮೇಲೆ ‘ಸುಸ್ಥಿತಿಯಲ್ಲಿದೆ, ಉಳಿಸಿಕೊಳ್ಳುವುದು’ ಎಂದು ಬರೆದು ಮೊಹರು ಒತ್ತಿದರು. ದಶಾಂಶ ಕುರ್ಚಿಗೆ ಕುಸಿದ. ಬೆಳಗಿನಿಂದ ಮೊದಲ ಬಾರಿಗೆ ಹಸಿವಾಯಿತು. ಮೇಜಿನ ಖಾನೆಯಿಂದ ಡಬ್ಬಿ ತೆಗೆದು ಮುಚ್ಚಳಕ್ಕೆ ಕೈ ಹಾಕಿದ.

ಸಾಹೇಬರು ಹೋಗಲು ತಿರುಗಿದವರು ಪಕ್ಕದ ಮೇಜಿನ ಮುಂದೆ ನಿಂತರು. “ಈ ಕಂಪ್ಯೂಟರಿನ ಪರೀಕ್ಷೆ ಆಗಿದೆಯೇ? ಇದರ ಪೈ ಎಷ್ಟು?”

ಟೈಪಿಸ್ಟಮ್ಮ ಉತ್ಸಾಹದಿಂದ ಒತ್ತಿದಳು. “3.141593 ಸಾರ್!”

“ಅಯ್ಯೋ, ಇದೂ ಕೆಟ್ಟಿದೆಯಲ್ರೀ! ಕಟ್ಟಿ ಚೀಟಿ.”

ಸ್ಟೋರ್ ಕೀಪರ್‌ಗೆ ಬೇಕಾದದ್ದು ಅಷ್ಟೆ. ಕೈಯಲ್ಲಿದ್ದ ದಾರ ಕಂಪ್ಯೂಟರಿನ ಕೊರಳಿಗೆ ಬಿತ್ತು. ಹಾಗೆ ಕಟ್ಟುತ್ತಲೇ, ಭಾವನಿಗೆ ಒಂದು ಉಪಕಾರ ಮಾಡೋಣ ಎನ್ನಿಸಿ ಹೇಳಿದ: “ನಮ್ಮ ಭಾವನ ಲೆಕ್ಕ ಬಲು ಖಚಿತ ಸಾರ್. ಇಪ್ಪತ್ತಾರು ವರ್ಷದಿಂದ ಎಲ್ಲ ಟ್ಯಾಂಕಿಗೂ ಒಂದೇ ಸಂಖ್ಯೆ. ಕೋಷ್ಟಕದ ತಲೆ ಮೇಲೇ ಬರೆದಿರ್ತಾರೆ. 3.141593. ಒಂದಂಕಿ ಆಚೀಚೆ ಇಲ್ಲ!”

ಡಬ್ಬಿಯ ಮುಚ್ಚಳ ದಶಾಂಶನ ಕೈಯಲ್ಲೇ ನಿಂತಿತು.

ಸಾಹೇಬರು ನಿಧಾನವಾಗಿ ತಿರುಗಿದರು. “ಅಂದ್ರೆ ಊರಿನ ಅಷ್ಟೂ ಟ್ಯಾಂಕು ತಪ್ಪು?”

ದಶಾಂಶ ಬಾಯಿ ತೆರೆದ. ಈಗ ನಿಜ ಹೇಳಿದರೆ ಯಂತ್ರ ಲಾರಿಗೆ. ಹೇಳದಿದ್ದರೆ ತಾನು ಕಡತದ ಅಡಿಗೆ. ಅವನು ಯಂತ್ರದ ಕಡೆ ನೋಡಿದ. ಅದು ಕೆಂಪಗೆ, ಸ್ಥಿರವಾಗಿ, ಆರೂ ದಶಾಂಶಗಳಲ್ಲಿ ಅವನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಅವನು ಬಾಯಿ ಮುಚ್ಚಿದ.

“ಎಷ್ಟಿವೆ ಕೋಷ್ಟಕ?”

“ಸಾವಿರದ ಮುನ್ನೂರ ಹನ್ನೆರಡು ಸಾರ್” ಎಂದರು ಟಪಾಲು ಗುಮಾಸ್ತರು. ಅವರನ್ನು ಯಾರೂ ಕೇಳದಿದ್ದರೂ ಈ ಸಲ ಅವರ ಉತ್ತರ ಸರಿಯಾಗಿತ್ತು.

“ಎಲ್ಲ ತಿದ್ದಿ. ಮೂರು ತಿಂಗಳು ಕೊಡ್ತೀನಿ. ಬೇರೆ ಯಂತ್ರ ಮುಟ್ಟಬೇಡಿ, ಪರೀಕ್ಷೆಯಾಗಿರೋದು ಇದೊಂದೇ.” ಸಾಹೇಬರು ದಶಾಂಶನ ಬೆನ್ನು ತಟ್ಟಿದರು. “ಅದೃಷ್ಟವಂತರು ನೀವು. ಇದನ್ನ ಇವತ್ತು ಗುಜರಿಗೆ ಹಾಕಿದ್ದಿದ್ರೆ, ತಪ್ಪು ಯಾರಿಗೂ ಗೊತ್ತೇ ಆಗ್ತಿರಲಿಲ್ಲ!”

ಲಾರಿ ಕಂಪ್ಯೂಟರನ್ನು ಹೊತ್ತುಕೊಂಡು ಹೋಯಿತು. ಸ್ಟೋರ್ ಕೀಪರ್ ಉಗ್ರಾಣದಿಂದ ಕಡತಗಳನ್ನು ತಂದು ತಂದು ಪೇರಿಸಿದ. ನಾಲ್ಕನೆಯ ಹೊರೆಗೆ ದಶಾಂಶನ ಮುಖ ಕಾಣದಾಯಿತು. ಕಡತಗಳ ಆಚೆಯಿಂದ ದನಿ ಬಂತು.

“ಭಾವಾ, ನನ್ನಿಂದ ಏನಾದ್ರೂ ತಪ್ಪಾಯ್ತಾ?”

ಈಚೆ ದಶಾಂಶ ಮೊದಲನೆಯ ಕಡತ ಬಿಚ್ಚಿದ, ತೋಳು ಮಡಚಿದ, ಲೆಕ್ಕ ಶುರು ಮಾಡಿದ. ಊರಿನ ಮೊದಲ ಟ್ಯಾಂಕಿಗೆ ಲಕ್ಷ ಲೀಟರು ಹಿಡಿಯುತ್ತಿತ್ತು. ಕಾಲು ಗಂಟೆಯ ನಂತರ, ಆಕಾಶದಿಂದ ಒಂದು ಹನಿಯೂ ಬೀಳದೆ, ಅದರೊಳಗೆ ನಲವತ್ತು ಲೀಟರು ನೀರು ಹೆಚ್ಚಾಯಿತು.